ಹದವಾಗಿ ಬೆಂದ ಮರ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಒಂದಲ್ಲ ಒಂದು ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭುಜ ಕೊಟ್ಟು ನೂಕಿದರೂ ಜಗ್ಗುವುದಿಲ್ಲ. ಆಚಾರರನ್ನು ಕರೆಸಿ ಅಂಚು ಹೆರೆಸಿದರೆ, ಬೇಸಿಗೆಯಲ್ಲಿ ಅದೇ ಅಂಚಿನಲ್ಲಿ ಬೆಳಕು ತೂರುವಷ್ಟು ಸಂದು. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಕುಡಿಯುವುದನ್ನು ಬಿಡುವುದಿಲ್ಲ. ಒಣಗಿಸಿದರೆ ನೀರು ಹೋಗುತ್ತದೆ, ಬಾಯಾರಿಕೆ ಹಾಗೇ ಉಳಿಯುತ್ತದೆ.

ಆ ಬಾಯಾರಿಕೆಯನ್ನೇ ತಗ್ಗಿಸುವ ವಿದ್ಯೆ ಮರವನ್ನು ಬೇಯಿಸುವುದು. ಗೂಟದ ಬುಡವನ್ನು ಬೆಂಕಿಗೆ ಹಿಡಿದು ಕಪ್ಪಾಗಿಸಿ ನೆಡುವುದು ಹಳೆಯ ರೂಢಿ. ಅಲ್ಲಿ ಸುಡುವುದು ಹೊರಮೈ ಮಾತ್ರ. ಇಲ್ಲಿ ಶಾಖ ಹಲಗೆಯ ಒಡಲಿಗೆ ಇಳಿಯಬೇಕು, ಆದರೆ ಮರ ಹೊತ್ತಿಕೊಳ್ಳಬಾರದು. 1990ರ ದಶಕದಲ್ಲಿ ಫಿನ್ಲೆಂಡಿನ ವಿಟಿಟಿ ಸಂಶೋಧನಾ ಕೇಂದ್ರ ಇದನ್ನು ಕೈಗಾರಿಕೆಯ ಮಟ್ಟಕ್ಕೆ ತಂದಿತು. ಮುಚ್ಚಿದ ಕೋಣೆಯಲ್ಲಿ ಹಲಗೆಗಳನ್ನು ಮೊದಲು ಪೂರ್ತಿ ಒಣಗಿಸುತ್ತಾರೆ. ಆಮೇಲೆ ಆಮ್ಲಜನಕ ತಾಗದಂತೆ ಹಬೆ ತುಂಬಿ ಕಾವು ಏರಿಸಿ ಎರಡು ಮೂರು ಗಂಟೆ ಹಾಗೇ ಬಿಡುತ್ತಾರೆ. ಕೊನೆಗೆ ನೀರು ಸಿಂಪಡಿಸಿ ನಿಧಾನವಾಗಿ ಆರಿಸುತ್ತಾರೆ. ಥರ್ಮೋವುಡ್ ಎಂಬ ಹೆಸರಿನ ಈ ಕ್ರಮದಲ್ಲಿ ಗಟ್ಟಿಮರಗಳಿಗೆ ಎರಡು ದರ್ಜೆ: 185 ಡಿಗ್ರಿ ಸೆಲ್ಸಿಯಸ್‌ನದೊಂದು, 200 ಡಿಗ್ರಿಯದೊಂದು.

ಗಟ್ಟಿಮರ ಎನ್ನುವಾಗ ಒಂದು ಮಾತು. ಸಸ್ಯಶಾಸ್ತ್ರದಲ್ಲಿ ಈ ಹೆಸರು ಹೂಬಿಡುವ ಅಗಲೆಲೆಯ ಮರಗಳಿಗೆಲ್ಲ ಸಲ್ಲುತ್ತದೆ. ತೇಗವೂ ಗಟ್ಟಿಮರವೇ, ಉಗುರು ಒತ್ತಿದರೆ ಗುರುತು ಬೀಳುವ ಬೂರುಗವೂ ಗಟ್ಟಿಮರವೇ. ಪೈನ್, ದೇವದಾರುಗಳಿಗಿಂತ ಇವು ಶಾಖಕ್ಕೆ ಬೇಗ ಮಣಿಯುತ್ತವೆ. ಕಾರಣ ಒಡಲಿನಲ್ಲೇ ಇದೆ.

ಮರದ ಜೀವಕೋಶದ ಗೋಡೆ ಮುಖ್ಯವಾಗಿ ಮೂರು ವಸ್ತುಗಳಿಂದ ಆದದ್ದು. ಸೆಲ್ಯುಲೋಸ್ ಎಳೆಗಳು ಕಂಬಿಯಂತೆ, ಲಿಗ್ನಿನ್ ಅವುಗಳನ್ನು ಹಿಡಿದಿಡುವ ಗಾರೆಯಂತೆ. ನಡುವೆ ಎರಡನ್ನೂ ಬೆಸೆಯುವ ಹೆಮಿಸೆಲ್ಯುಲೋಸ್. ನೀರನ್ನು ಹೆಚ್ಚು ಎಳೆದುಕೊಳ್ಳುವುದು ಇದೇ, ಕಾವಿಗೆ ಮೊದಲು ಮುರಿಯುವುದೂ ಇದೇ. ಗಟ್ಟಿಮರದ ಹೆಮಿಸೆಲ್ಯುಲೋಸ್ ಕಾದಾಗ ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರ್‌ನ ಹುಳಿಯನ್ನು, ಹೆಚ್ಚಾಗಿ ಬಿಡುತ್ತದೆ. ಆ ಹುಳಿ ಉಳಿದ ಭಾಗವನ್ನೂ ಬೇಗ ಒಡೆಯುತ್ತದೆ. ಹಾಗಾಗಿ ಗಟ್ಟಿಮರವನ್ನು ಬೇಯಿಸುವವರಿಗೆ ಕಾವಿನ ಮೇಲೆ ಸದಾ ಕಣ್ಣಿರಬೇಕು; ಹದ ತಪ್ಪಿದರೆ ಹಲಗೆ ಒಳಗೇ ಬಿರಿಯುತ್ತದೆ.

ಬೆಂದು ಹೊರಬಂದ ಹಲಗೆ ಕಾಫಿಬೀಜದ ಬಣ್ಣಕ್ಕೆ ತಿರುಗಿರುತ್ತದೆ, ಹೊಗೆಯ ವಾಸನೆ ಸೂಸುತ್ತದೆ, ಕೈಗೆ ಹಗುರ. ಚೆನ್ನಾಗಿ ಬೆಂದಿದ್ದರೆ, ಅದೇ ಗಾಳಿಯಲ್ಲಿ ಮೊದಲು ಹೀರುತ್ತಿದ್ದುದರ ಸುಮಾರು ಅರ್ಧದಷ್ಟು ತೇವವನ್ನು ಮಾತ್ರ ಹೀರುತ್ತದೆ. ಉಬ್ಬುವುದು, ಸೊಟ್ಟಗಾಗುವುದು ಅಷ್ಟರಮಟ್ಟಿಗೆ ಇಳಿಯುತ್ತದೆ. ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಸಿಗದು, ಮೊದಲಿನ ಆಹಾರವೂ ಸಿಗದು. ವಿಷದ ಮದ್ದು ಬಳಿಯದೆ ಇಷ್ಟೆಲ್ಲ ಆಗುತ್ತದೆ ಎನ್ನುವುದೇ ನನಗೆ ಇದರಲ್ಲಿ ಅತ್ಯಂತ ಇಷ್ಟವಾದದ್ದು. ಗಿಟಾರ್ ತಯಾರಕರೂ ಹುರಿದ ಮೇಪಲ್ ಮರದಿಂದ ಕುತ್ತಿಗೆ ಕಡೆಯುತ್ತಾರೆ. ಹವೆ ಬದಲಾದರೂ ಅದು ಅಷ್ಟಾಗಿ ಬಾಗುವುದಿಲ್ಲ.

ಇದಕ್ಕೆಲ್ಲ ಬೆಲೆಯೂ ಇದೆ. ಬಾಗುಬಲ ಶೇ 10ರಿಂದ 30ರವರೆಗೆ ಕುಗ್ಗಬಹುದು. ಭಾರ ಹೆಚ್ಚಾದರೆ ಹಸಿಮರದಂತೆ ನಾರು ನಾರಾಗಿ ಸೀಳದೆ ಹಪ್ಪಳದಂತೆ ಮುರಿಯುತ್ತದೆ. ತೊಲೆಗೆ, ಕಂಬಕ್ಕೆ ಇದನ್ನು ಹಾಕಬಾರದು. ಮೊಳೆ ನೇರ ಹೊಡೆದರೆ ಸೀಳುತ್ತದೆ, ಮೊದಲೇ ತೂತು ಕೊರೆಯಬೇಕು. ಒಳಗುಳಿದ ಹುಳಿ ಕಬ್ಬಿಣವನ್ನು ತಿನ್ನುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ತಿರುಪೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕಡೆಯವರು ನೆನಪಿಡಬೇಕಾದದ್ದು ಗೆದ್ದಲು. ಕೊಳೆತವನ್ನು ತಡೆಯುವ ಈ ಮರ ಗೆದ್ದಲನ್ನು ತಡೆಯುವುದಿಲ್ಲ. ಮಣ್ಣಿಗೆ ತಾಗುವಲ್ಲಿ ಬಳಸಿದರೆ ಪಶ್ಚಾತ್ತಾಪವೇ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಈ ವಿದ್ಯೆಗೆ ನಮ್ಮದೇ ನೆಲೆಯೊಂದಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಅಂಗಳ ಅದು. ಶ್ರೀಗಂಧದ ಸಂಶೋಧನೆಯಿಂದ ಹೆಸರಾದ ಅಲ್ಲಿನ ವಿಜ್ಞಾನಿಗಳು ರಬ್ಬರ್ ಮರ, ಸಿಲ್ವರ್ ಓಕ್, ಅಕೇಶಿಯಾಗಳನ್ನು ಕಾಯಿಸಿ ಬಣ್ಣ, ಬಲ, ಉಬ್ಬುವಿಕೆಗಳನ್ನು ಅಳೆದಿದ್ದಾರೆ. ಈ ಆಯ್ಕೆ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಸುಳ್ಯದ ಕಡೆ ಹಾಲು ಬತ್ತಿದ ರಬ್ಬರ್ ಮರ, ಕೊಡಗಿನ ಕಾಫಿತೋಟಕ್ಕೆ ನೆರಳು ಕೊಟ್ಟ ಸಿಲ್ವರ್ ಓಕ್, ಗುಡ್ಡಗುಡ್ಡಗಳಲ್ಲಿ ನೆಟ್ಟ ಅಕೇಶಿಯಾ: ತೇಗ, ಹೊನ್ನೆಗಳಿಗೆ ಸಿಗುವ ಮರ್ಯಾದೆ ಇವಕ್ಕೆ ಸಿಕ್ಕಿಲ್ಲ. ಹದವಾಗಿ ಬೇಯಿಸಿದರೆ ಇವು ಒಳಬಾಗಿಲಿಗೆ, ನೆಲಹಾಸಿಗೆ, ಕಪಾಟಿಗೆ ಒದಗುತ್ತವೆ. ಕಾಡಿನ ತೇಗದ ಮೇಲಿನ ಒತ್ತಡವೂ ಅಷ್ಟು ಇಳಿಯುತ್ತದೆ.

ಅಂಗಡಿಯಲ್ಲಿ ಇಂಥ ಹಲಗೆ ಎದುರಾದರೆ ತುದಿಯಿಂದ ಒಂದು ಚೂರು ಕೊಯ್ಯಿಸಿ ನೋಡಿ. ಬಣ್ಣ ಬಳಿದ ಹಲಗೆಯ ಒಳಗು ಬಿಳಿಚಿಕೊಂಡಿರುತ್ತದೆ. ಬೆಂದ ಹಲಗೆ ನಡುವಿನವರೆಗೂ ಕಂದು. ಬಿಸಿಲು ಬೀಳುವಲ್ಲಿ ಹಾಕುವುದಾದರೆ ಆಗಾಗ ಎಣ್ಣೆ ಸವರಿ, ಇಲ್ಲವಾದರೆ ಆ ಕಂದು ಮೆಲ್ಲಗೆ ಬೂದಿಬಣ್ಣಕ್ಕೆ ಇಳಿಯುತ್ತದೆ.