ಹಳೇ ಮನೆ ಕೆಡವುವ ಮುನ್ನ...

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗ ಅಡಿಕೆ ತೋಟದ ಮೇಲ್ಗಡೆ ಕೆಂಪು ಹೆಂಚಿನ ದೊಡ್ಡ ಮಾಡು ಕಾಣುತ್ತದಲ್ಲ, ನೋಡಿದ್ದೀರಾ? ನಾನು ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯ ಅಂಥದೊಂದು ಮನೆಯಲ್ಲಿ, ಸೇರಿದ್ದು ಹೊಸನಗರದ ಹತ್ತಿರದ ಇನ್ನೊಂದಕ್ಕೆ.

ಹೋದ ಬೇಸಿಗೆಯಲ್ಲಿ ಹಳೇ ಮರಮುಟ್ಟು ಕೊಳ್ಳುವವರೊಬ್ಬರು ನಮ್ಮ ಜಗಲಿಗೆ ಬಂದು ಕೂತರು. ಕಂಬ ತಟ್ಟಿ ನೋಡಿ, "ಇವನ್ನೂ ಹೆಬ್ಬಾಗಿಲನ್ನೂ ಕೊಟ್ಟುಬಿಡಿ, ಆ ದುಡ್ಡಿಗೆ ಸ್ವಲ್ಪ ಸೇರಿಸಿ ತಾರಸಿ ಮನೆ ಕಟ್ಟಿಸಿ" ಎಂದರು. ಬೆಂಗಳೂರಿನ ಭಾವನವರಿಗೂ ಅದೇ ಸರಿ ಅನ್ನಿಸಿತು. ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಅರ್ಧ ಹೂಂ ಅಂದಿತ್ತು!

ಯಾಕೆ ಅಂತೀರಾ? ಜಗಲಿಯ ಚೆಂದ ಹೊಗಳುವವರು ಅಡಿಗೆಮನೆಗೆ ಬಂದು ನೋಡುವುದಿಲ್ಲ. ಗಾಳಿ ಬೆಳಕೆಲ್ಲ ಜಗಲಿಗೆ, ಕತ್ತಲೆ ಹೊಗೆಯೆಲ್ಲ ನಮಗೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಡವಾಗುತ್ತಿತ್ತು.

ಆದರೆ ಕಟ್ಟಿದವರು ದಡ್ಡರಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ. ಅದಕ್ಕೇ ಮಾಡು ಕಡಿದಾಗಿ ಇಳಿದು, ಗೋಡೆ ದಾಟಿ ಮುಂದೆ ಚಾಚಿರುತ್ತದೆ. ಮಣ್ಣಿನ ಗೋಡೆಗೆ ಇರಿಚಲು ಬಡಿಯಬಾರದಲ್ಲ! ನಡುವೆ ತೆರೆದ ಅಂಗಳ, ಸುತ್ತ ಚೌಕಿ. ಬಿದ್ದ ನೀರು ಹೊರಹೋಗಲು ಕಲ್ಲಿನ ತೂಬು. ಮೊದಲು ಮಾಡಿಗೆ ಸೋಗೆ, ಹುಲ್ಲು ಇರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಿಧಾನವಾಗಿ ಘಟ್ಟ ಹತ್ತಿತು.

ಇನ್ನು ಆ ಹೊಗೆ! ಅದು ಅಟ್ಟಕ್ಕೇರಿ ತೊಲೆ, ಪಕಾಸಿಗಳಿಗೆ ಮಸಿ ಹಿಡಿಸಿ ಹುಳ ಹತ್ತದಂತೆ ಕಾಯುತ್ತಿತ್ತು. ಅಂದರೆ ಮನೆ ಇಷ್ಟು ವರ್ಷ ಬಾಳಿದ್ದರಲ್ಲಿ ಹೆಂಗಸರ ಕಣ್ಣೀರೂ ಸೇರಿದೆ. ಅದನ್ನು ಯಾರೂ ಲೆಕ್ಕ ಹಿಡಿದಿಲ್ಲ, ಅಷ್ಟೆ.

ಹೀಗೆ ಡೋಲಾಯಮಾನವಾಗಿದ್ದಾಗ ಸಾಗರಕ್ಕೆ ಕೊಟ್ಟ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಅತ್ತೆಯ ತವರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಿದವು. ಅವರ ಅಪ್ಪಯ್ಯ ಕಂಬ, ಬಾಗಿಲು ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದು ಹೊಸ ಊರಲ್ಲಿ ಮತ್ತೆ ನಿಲ್ಲಿಸಿದರಂತೆ. ನನ್ನ ಮಾತು ಕೇಳಿ ಅಜ್ಜಿ ಒಂದೇ ಮಾತು ಅಂದರು: "ನಾವು ನೀರು ಬಂತು ಅಂತ ಬಿಚ್ಚಿದ್ವಿ ಮಾರಾಯ್ತಿ. ನಿಮ್ಗೆ ಏನು ಬಂದಿದೆ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಊರಿಗೆ ಬಂದವಳೇ ಯಜಮಾನರಿಗೆ ಹೇಳಿದೆ: "ಮನೆ ಉಳಿಯಲಿ, ಆದರೆ ಅಡಿಗೆಮನೆ ಬದಲಾಗಬೇಕು." ಅತ್ತೆಯವರು ಗೊಣಗುತ್ತಾರೆ ಅಂದುಕೊಂಡಿದ್ದೆ. "ನನ್ನ ಕಾಲದಲ್ಲೇ ಆಗಬೇಕಿತ್ತು" ಅಂದುಬಿಟ್ಟರು! ಭಾವನವರೂ ಕಡೆಗೆ ಒಪ್ಪಿದರು.

ಈಗ ಒಲೆಯ ಮೇಲ್ಗಡೆ ನಾಲ್ಕು ಗಾಜಿನ ಹೆಂಚು, ಗೋಡೆಗೆ ದೊಡ್ಡ ಕಿಟಕಿ, ನಿಂತು ಅಡಿಗೆ ಮಾಡಲು ಕಟ್ಟೆ, ಗ್ಯಾಸು. ಹೊಗೆ ಹೋಯಿತಲ್ಲ, ಮರಕ್ಕೆ ಕಾವಲು ಬೇಡವೇ? ಅದಕ್ಕೆ ಗೇರೆಣ್ಣೆ ಬಳಿಸಿದೆವು. ಅದು ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಜೋಕೆ.

ನಿಮ್ಮದೂ ಹಳೇ ಮನೆಯಾಗಿದ್ದರೆ ಇನ್ನೆರಡು ಮಾತು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸಬೇಡಿ. ಒಳಗಿನ ತೇವ ಹೊರಬರಲಾರದೆ ಗೋಡೆ ಉದುರುತ್ತದೆ. ಮಣ್ಣು, ಸುಣ್ಣವೇ ಸರಿ. ಮಳೆ ಹಿಡಿಯುವ ಮೊದಲೇ ಒಡೆದ ಹೆಂಚು ಬದಲಾಯಿಸಿ. ಒಂದು ಹೆಂಚಿನ ಸೋರಿಕೆಗೆ ಇಡೀ ತೊಲೆಯೇ ಕೊಳೆಯುತ್ತದೆ.

ಇಂಥ ಮನೆ ನೋಡುವ ಆಸೆಯಿದ್ದರೆ ಕುಪ್ಪಳಿಗೆ ಬನ್ನಿ. ಕುವೆಂಪು ಬೆಳೆದ ಮನೆಯನ್ನು ದುರಸ್ತಿ ಮಾಡಿ ಎಲ್ಲರೂ ನೋಡುವಂತೆ ಇಟ್ಟಿದ್ದಾರೆ. ಜಗಲಿ, ಉಪ್ಪರಿಗೆ ನೋಡಿ ಮರುಳಾಗಿ, ಬೇಡ ಅನ್ನುವುದಿಲ್ಲ. ಹಾಗೇ ಅಡಿಗೆಮನೆಯಲ್ಲೂ ಒಂದು ಗಳಿಗೆ ನಿಂತು, ಅಲ್ಲಿ ಒಲೆ ಊದಿದವರನ್ನೂ ನೆನೆಯಿರಿ.

ನಮ್ಮ ಕಂಬಗಳು ಇದ್ದಲ್ಲೇ ಇವೆ. ಅಡಿಗೆಮನೆಗೆ ಬೆಳಕು ಬಂದಿದೆ. ಮೊನ್ನೆ ಅತ್ತೆಯವರು ಅಲ್ಲೇ ಕೂತು, ದೀಪ ಹಾಕದೆ ಅಕ್ಕಿಯ ಕಲ್ಲು ಆರಿಸಿದರು!