ರಸಬಾಳೆಗೆ ಬಂದ ಗತಿ ಏಲಕ್ಕಿಗೂ ಬಂದ್ರೆ? ಹಳೇ ತಳಿ ಯಾಕೆ ಉಳಿಸ್ಕೋಬೇಕು ಅಂದ್ರೆ...

ಗುಂಡ್ಲುಪೇಟೆ: ಊಟಿ, ಕೇರಳದ ಕಡೆ ಹೋಗೋ ಪ್ರವಾಸಿಗರು ನಮ್ಮ ರಸ್ತೆ ಬದಿ ಹಣ್ಣಿನಂಗಡಿಗಳಲ್ಲಿ ಗಾಡಿ ನಿಲ್ಸಿ ಕೇಳೋದು ‘ರಸಬಾಳೆ ಇದೆಯಾ?’ ಅಂತ. ಸಿಗೋದು ಮಾತ್ರ ಹೆಚ್ಚಾಗಿ ಏಲಕ್ಕಿ, ಇಲ್ಲಾಂದ್ರೆ ಪಚ್ಚಬಾಳೆ. ಪಕ್ಕದ ತಾಲ್ಲೂಕಿನ ಹೆಸರು ಹೊತ್ತ, ಜಿಐ ಟ್ಯಾಗ್ ಕೂಡ ಇರೋ ನಂಜನಗೂಡು ರಸಬಾಳೆ ಈಗ ಕೆಲವೇ ತೋಟಗಳಲ್ಲಿ ಉಳಿದಿದೆ.

ಅದನ್ನು ಹಾಳು ಮಾಡಿದ್ದು ಮುಖ್ಯವಾಗಿ ಪನಾಮ ಸೊರಗು ರೋಗ. ಇದು ಮಣ್ಣಿನಲ್ಲಿರೋ ಶಿಲೀಂಧ್ರ. ಮೊದಲು ಕೆಳಗಿನ ಎಲೆ ಹಳದಿಯಾಗಿ ಗಿಡದ ಸುತ್ತ ಜೋತು ಬೀಳುತ್ತೆ, ಬುಡ ಸೀಳುತ್ತೆ. ಅಡ್ಡ ಕುಯ್ದು ನೋಡಿದ್ರೆ ಒಳಗೆ ಕೆಂಪು-ಕಂದು ಬಣ್ಣ. ಬಂದ ಗಿಡವನ್ನು ಗುಣ ಮಾಡೋ ಔಷಧಿ ಇಲ್ಲ. ಶಿಲೀಂಧ್ರ ಹತ್ತಾರು ವರ್ಷ ಅದೇ ಮಣ್ಣಲ್ಲಿ ಬದುಕಿರುತ್ತೆ.

ಆದ್ರೆ ಒಂದು ಗಿಡಕ್ಕೆ ಬಂದಿದ್ದು ತೋಟಕ್ಕೇ ಯಾಕೆ ಹರಡುತ್ತೆ? ನಾವು ತಿನ್ನೋ ಬಾಳೆಯಲ್ಲಿ ಬೀಜ ಇಲ್ಲ. ಕಂದು ಕಿತ್ತು ನೆಡ್ತೀವಿ. ಅಂದ್ರೆ ಮಗಳು ಗಿಡ ತಾಯಿಯ ಜೆರಾಕ್ಸ್ ಕಾಪಿ. ಟಿಶ್ಯೂ ಕಲ್ಚರ್ ಸಸಿಯೂ ಅಷ್ಟೇ. ರೋಗಕ್ಕೆ ಒಂದು ಸೋತ್ರೆ ಎಲ್ಲಾ ಸೋತ ಹಾಗೆ.

ದ್ರಾಕ್ಷಿಯದೂ ಇದೇ ಕಥೆ. ಅದನ್ನೂ ಕಡ್ಡಿ ನೆಟ್ಟೇ ಬೆಳೆಸೋದು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನೋ ಹೇನಿನಂಥ ಹುಳ ಬೇರು ತಿಂದು ಫ್ರಾನ್ಸ್‌ನ ವೈನ್ ತೋಟಗಳನ್ನು ಒಣಗಿಸಿಬಿಡ್ತು. ಉಳಿಸಿದ್ದು ಯಾವುದು ಗೊತ್ತಾ? ಅದೇ ಅಮೆರಿಕದ ಕಾಡು ದ್ರಾಕ್ಷಿ. ಅದರ ಬೇರಿಗೆ ಆ ಹುಳ ತಡೆಯೋ ಶಕ್ತಿ ಇತ್ತು, ಅದರ ಮೇಲೆ ಫ್ರಾನ್ಸ್ ಬಳ್ಳಿ ಕಸಿ ಕಟ್ಟಿದ್ರು. ನಮ್ಮ ವಿಜಯಪುರದ ಕಡೆ ಈಗಲೂ ಡಾಗ್‌ರಿಡ್ಜ್ ಅನ್ನೋ ಅಮೆರಿಕದ ಬೇರಿನ ಮೇಲೆ ಕಸಿ ಮಾಡ್ತಾರೆ, ಬರ ಮತ್ತು ಉಪ್ಪುನೀರು ತಡೆಯುತ್ತೆ ಅಂತ.

ಫ್ರಾನ್ಸ್‌ನವರು ಆಮೇಲೆ ಬುದ್ಧಿ ಕಲಿತರು. ಸಮುದ್ರದ ಪಕ್ಕದ ವಸ್ಸಾಲ್‌ ಅನ್ನೋ ಜಾಗದಲ್ಲಿ ಸಾವಿರಾರು ಹಳೇ ದ್ರಾಕ್ಷಿ ತಳಿ ಸಾಕ್ತಿದ್ದಾರೆ. ಮರಳು ನೆಲ, ಅಲ್ಲಿ ಆ ಹುಳ ಬದುಕಲ್ಲ. ಈಗ ಬಿಸಿಲು ಜಾಸ್ತಿಯಾಗ್ತಿರೋದ್ರಿಂದ ಹಳೇ ತಳಿಗಳಿಗೆ ಮತ್ತೆ ಬೆಲೆ ಬಂದಿದೆ. 2021ರಲ್ಲಿ ಬೋರ್ಡೋ ವೈನ್‌ಗೆ ಹೊಸದಾಗಿ ಒಪ್ಪಿಗೆ ಸಿಕ್ಕ ಆರು ತಳಿಗಳಲ್ಲಿ ಕಾಸ್ಟೆ ಅನ್ನೋದು ಜನ ಮರೆತೇಬಿಟ್ಟಿದ್ದ ಹಳೇ ದ್ರಾಕ್ಷಿ.

ಮತ್ತೆ ನಮ್ಮ ತೋಟಕ್ಕೆ ಬರೋಣ. ರಸಬಾಳೆ ಕೊಂದ ರೋಗ ಏಲಕ್ಕಿಯನ್ನೂ ಬಿಡಲ್ಲ, ಸೊರಗು ಬಂದ ಏಲಕ್ಕಿ ತೋಟ ನೋಡಿರೋರಿಗೆ ಇದು ಹೊಸ ಸುದ್ದಿ ಏನಲ್ಲ. ಜಿ-9ಗೆ ಅದು ತಟ್ಟಲ್ಲ ಅಂತ ಧೈರ್ಯ ಇತ್ತು. ಆದ್ರೆ ಅದನ್ನೂ ಕೊಲ್ಲೋ ಟಿಆರ್-4 ಅನ್ನೋ ಹೊಸ ಬಗೆ ಬಿಹಾರ, ಉತ್ತರ ಪ್ರದೇಶದವರೆಗೆ ಬಂದಾಗಿದೆ. ಇದಕ್ಕೆ ಉತ್ತರ ಸಿಕ್ಕಿರೋದೂ ಕಾಡಿನಿಂದಲೇ. ಕಾಡುಬಾಳೆಯ ಒಂದು ಜೀನ್ ಸೇರಿಸಿದ ತಳಿಗೆ ಆಸ್ಟ್ರೇಲಿಯಾ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಕಾಡುಬಾಳೆಯನ್ನು ಕೆಲಸಕ್ಕೆ ಬಾರದ್ದು ಅಂತ ಕಡಿದು ಹಾಕಿದ್ದಿದ್ರೆ ಜೀನ್ ಎಲ್ಲಿಂದ ತರೋದು?

ತಿರುಚ್ಚಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಮುನ್ನೂರಕ್ಕೂ ಹೆಚ್ಚು ಬಗೆಯ ಬಾಳೆ ಕಾಪಾಡ್ತಿದೆ. ಆದ್ರೂ ಎಲ್ಲಾ ಒಂದೇ ಕಡೆ ಇದ್ರೆ ಸಾಲದು. ಹಿತ್ತಲಲ್ಲಿ ಅಜ್ಜಿ ನೆಟ್ಟ ಚಂದ್ರಬಾಳೆಯೋ ಬೂದುಬಾಳೆಯೋ ಇದ್ರೆ ‘ಮಾರ್ಕೆಟ್ ಇಲ್ಲ’ ಅಂತ ಕಿತ್ತು ಎಸೀಬೇಡಿ. ಹಾಗಂತ ಸೊರಗು ಬಂದ ತೋಟದಿಂದ ಕಂದು ತಂದು ನೆಡಲೂಬೇಡಿ. ಅಲ್ಲಿ ಉತ್ತ ಟ್ರ್ಯಾಕ್ಟರ್, ಗುದ್ದಲಿಗೆ ಅಂಟಿದ ಮಣ್ಣು ತೊಳೆದೇ ನಿಮ್ಮ ಹೊಲಕ್ಕೆ ಬಿಡಿ. ಅನುಮಾನ ಬಂದ್ರೆ ಹರದನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಅಂಗಡಿಯವರಿಗೂ ಒಂದು ಮಾತು, ಬೇಜಾರಾಗಬೇಡಿ. ಏಲಕ್ಕಿಯನ್ನೇ ರಸಬಾಳೆ ಅಂತ ಕೊಟ್ರೆ, ನಿಜವಾದ ರಸಬಾಳೆ ಬೆಳೆಯೋನಿಗೆ ತಕ್ಕ ರೇಟ್ ಸಿಗಲ್ಲ. ರೇಟ್ ಸಿಗದಿದ್ರೆ ರೋಗದ ಜೊತೆ ಗುದ್ದಾಡ್ಕೊಂಡು ಅದನ್ನ ಯಾರು ತಾನೇ ಬೆಳೀತಾರೆ?