ಮಾರ್ಬಲ್ ನೆಲಕ್ಕೆ ಆಸಿಡ್ ಹಾಕ್ತೀರಾ? ಹೋದ ಹೊಳಪು ಉಜ್ಜಿದ್ರೆ ಬರಲ್ಲ

ಸಾಲ ಮಾಡಿ ಹೊಸ ಮನೆಗೆ ಮಾರ್ಬಲ್ ಹಾಕಿಸ್ತಾರೆ. ಸಿಮೆಂಟ್ ಕಲೆ ಹೋಗಲಿ ಅಂತ ಗೃಹಪ್ರವೇಶಕ್ಕೆ ಮೊದಲು ಆಸಿಡ್ ಸುರಿದು ತೊಳೆಸ್ತಾರೆ. ಅಲ್ಲಿಗೆ ಹೊಳಪು ಮುಗೀತು.

ಮಾರ್ಬಲ್‌ನಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ಅಂಶವೇ. ಆಸಿಡ್ ಮಾತ್ರವಲ್ಲ, ನಿಂಬೆರಸ, ಹುಣಸೆಹುಳಿ ಬಿದ್ದರೂ ಮೇಲ್ಪದರ ಕರಗಿ ಮಂಕಾಗುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದಿರುತ್ತದೆ. ಮತ್ತೆ ಪಾಲಿಶ್ ಮಾಡಿಸದೆ ಬೇರೆ ದಾರಿಯಿಲ್ಲ.

ಹಾಗಾಗಿ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ವಾಸಿ. ಇಳಕಲ್‌ನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟ್ ಅಡುಗೆಯ ಹುಳಿಗೆ ಜಗ್ಗಲ್ಲ. ಮಾರ್ಬಲ್ ಹಾಲ್‌ಗೆ, ಮಲಗುವ ಕೋಣೆಗೆ ಇರಲಿ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಒಂದು ಚೂರು ಕೇಳಿ ಪಡೆಯಿರಿ. ಪಾಲಿಶ್ ಇರುವ ಬದಿಗೆ ನಿಂಬೆರಸ, ಎಣ್ಣೆ, ಅರಿಶಿನ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಣುವುದೇ ಮುಂದೆ ನಿಮ್ಮ ನೆಲದ ಗತಿ.

ಹಾಕಿಸಿದ ಮೇಲೆ ನೀರು, ಸೌಮ್ಯ ಸೋಪು ಸಾಕು. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ. ಟಾಯ್ಲೆಟ್ ಕ್ಲೀನರ್ ಬೇಡವೇ ಬೇಡ. ದೇವರ ಕೋಣೆಯಲ್ಲಿ ದೀಪದ ಕೆಳಗೊಂದು ತಟ್ಟೆ ಇಡಿ, ಎಣ್ಣೆ ಕಲ್ಲಿನೊಳಕ್ಕೆ ಇಳಿಯುತ್ತದೆ. ಸೀಲರ್ ಹಚ್ಚಿದರೆ ಎಣ್ಣೆ ಕಲೆ ತಡವಾಗಿ ಇಳಿಯುತ್ತದೆ ಅಷ್ಟೇ, ಹುಳಿಯಿಂದ ಅದು ಕಾಪಾಡಲ್ಲ.